ಅಲ್ಲಾಡದೆ ಕೂತ ವಿನೋದಮ್ಮ

ಇದು ನನ್ನ ಚಿಕ್ಕಮ್ಮನ ಮಗ ಮಿಥುನನಿಗೆ ಆಗಿದ್ದು. ಹೋದ ವರ್ಷ, ತ್ರಿಪ್ಲಿಕೇನ್‌ನಲ್ಲಿ. ಅವನು ಹೇಳಿದ್ದು ಒಂದೇ ಸಲ, ಅದೂ ದೀಪ ಆರಿಸಿದ ಮೇಲೆ... ನಾನು ಒಂದಕ್ಷರ ಸೇರಿಸಿಲ್ಲ.

ಅವತ್ತು ಅಂಬತ್ತೂರಲ್ಲಿ ಅವನ ಫ್ಯಾಕ್ಟರಿಯ ಸಮಾರಂಭ. ಫೋಟೋ ಹುಚ್ಚಿನವನು, ಕ್ಯಾಮೆರಾ ಹೆಗಲಲ್ಲೇ ಇತ್ತು. ವಾಪಸ್ ಬರುವಾಗ ರಾತ್ರಿ ಹನ್ನೊಂದು. ವಠಾರದ ಬಾಗಿಲು ದಾಟಿದರೆ ಬಾವಿ, ಅದರ ಪಕ್ಕ ಮಹಡಿ ಮೆಟ್ಟಿಲು. ಮೇಲೆ ಇವನ ರೂಮು. ಕೆಳಗೆ ವಿಷ್ಣುಮೂರ್ತಿ ರಾಯರ ಮನೆ. ಮೈಸೂರಿನ ಕಡೆಯವರು, ರೈಲ್ವೆಯಲ್ಲಿ ರಿಟೈರ್ ಆದವರು. ಅವರ ಹೆಂಡತಿ ವಿನೋದಮ್ಮ ತೀರಿಕೊಂಡು ಎಂಟು ದಿನ. ರಾಯರು ಅಸ್ಥಿ ಬಿಡೋಕೆ ಶ್ರೀರಂಗಪಟ್ಟಣಕ್ಕೆ ಹೋಗಿದ್ದರು. ಮನೆಗೆ ಬೀಗ.

ಆ ಬಾಗಿಲ ಮುಂದೆ ಮಿಥುನ್ ತಲೆ ತಗ್ಗಿಸಿಕೊಂಡೇ ಹೋಗುತ್ತಿದ್ದ. ಕಾರಣ ಇತ್ತು.

ವಿನೋದಮ್ಮ ತೀರಿಕೊಳ್ಳೋಕೆ ಒಂದು ತಿಂಗಳ ಮುಂಚೆ ರಾಯರು ಕೇಳಿದ್ದರು. "ಇವಳದೊಂದು ಒಳ್ಳೇ ಫೋಟೋ ಇಲ್ಲ. ತೆಗೆದುಕೊಡಪ್ಪ." ವಿನೋದಮ್ಮನಿಗೆ ಆಗಷ್ಟೇ ಕಣ್ಣಿನ ಆಪರೇಷನ್. ಬಿಸಿಲು ಆಗದು, ಫ್ಲ್ಯಾಶ್ ಅಂತೂ ಬೇಡವೇ ಬೇಡ. ಪರದೆ ಎಳೆದ ಕೋಣೆಯಲ್ಲಿ, ಬೆತ್ತದ ಕುರ್ಚಿ ಮೇಲೆ, ಉಸಿರು ಬಿಗಿ ಹಿಡಿದು ಕೂತರು. ಬೆಳಕು ಸಾಲದಿದ್ದರೆ ಕ್ಯಾಮೆರಾ ಜಾಸ್ತಿ ಹೊತ್ತು ಕಣ್ಣು ತೆರೆದಿರುತ್ತೆ. ಅಷ್ಟರಲ್ಲಿ ಕೂತವರು ಅಲ್ಲಾಡಿದರೂ ಮಬ್ಬು, ಹಿಡಿದವನ ಕೈ ನಡುಗಿದರೂ ಮಬ್ಬು. ಮೂರು ತೆಗೆದ. ಮೂರೂ ಮಬ್ಬು.

"ನೀವು ಅಲ್ಲಾಡಿಬಿಟ್ರಿ ಅಮ್ಮ" ಅಂದ.

"ಅಯ್ಯೋ... ನನ್ನಿಂದ ನಿನಗೆ ಎಷ್ಟು ತೊಂದರೆ" ಅಂದರು ಅವರು.

ಆದರೆ ಫೋಟೋದಲ್ಲಿ ಕುರ್ಚಿಯೂ ಮಬ್ಬು, ಗೋಡೆಯೂ ಮಬ್ಬು. ಗೋಡೆ ಅಲ್ಲಾಡುತ್ತಾ? ಅವಸರದಲ್ಲಿ ನಡುಗಿದ್ದು ಇವನ ಕೈ. ಆಗಲೇ ಗೊತ್ತಾಗಿತ್ತು ಇವನಿಗೆ. ಹೇಳಲಿಲ್ಲ. ಭಾನುವಾರ ಬರ್ತೀನಿ ಅಂದ. ನಾಲ್ಕು ಭಾನುವಾರ ಹೋಯಿತು. ಮಧ್ಯೆ ಒಮ್ಮೆ ರಾಯರು ಮೆಟ್ಟಿಲ ಹತ್ತಿರ ನಕ್ಕೊಂಡು ಅಂದರು, "ದಿನಾ ಸಂಜೆ ಅಲ್ಲಾಡದೆ ಕೂರ್ತಾಳಪ್ಪ. ಅಭ್ಯಾಸವಂತೆ."

ಆಮೇಲೆ ಒಂದು ಗುರುವಾರ, ಇವನು ಕೆಲಸದಲ್ಲಿದ್ದಾಗ, ವಿನೋದಮ್ಮ ಹೋಗಿಯೇಬಿಟ್ಟರು. ಪಾಸ್‌ಬುಕ್ಕಿನ ಚಿಕ್ಕ ಫೋಟೋ ದೊಡ್ಡದು ಮಾಡಿಸಿ ಹಾರ ಹಾಕಿದರು. ಮುಖ ಯಾರದೋ ಥರ ಇತ್ತು.

ಆ ರಾತ್ರಿ ಮಿಥುನ್ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟ. ಒಳಗಿಂದ... ಕರಕ್. ಬೆತ್ತದ ಕುರ್ಚಿ ಮೇಲೆ ಯಾರೋ ಕೂತ ಸದ್ದು. ಬಾಗಿಲಿಗೆ ಬೀಗ ಹಾಗೇ ಇತ್ತು. ಕಿಟಕಿ ಮಾತ್ರ ತೆರೆದಿತ್ತು.

"ಬಂದೆಯೇನಪ್ಪ..." ಪಿಸುದನಿ. "ಈ ಸಲ ಅಲ್ಲಾಡಲ್ಲ."

ಓಡಬೇಕು ಅನ್ನಿಸಿತಂತೆ. ಕಾಲು ಕಿಟಕಿ ಕಡೆಗೇ ಹೋಯಿತು. ಒಳಗೆ ಕತ್ತಲು ಬಿಟ್ಟರೆ ಏನೂ ಕಾಣಲಿಲ್ಲ. ಕ್ಯಾಮೆರಾ ಎತ್ತಿ ಒತ್ತಿದ. ಟಕ್... ಅದರ ಕಣ್ಣು ತೆರೆಯಿತು. ಮುಚ್ಚುವ ಇನ್ನೊಂದು ಟಕ್ ಬರಬೇಕು. ಬರಲಿಲ್ಲ. ಕೈ ಎಷ್ಟು ನಡುಗಿತೆಂದರೆ ಕ್ಯಾಮೆರಾ ಪಟ್ಟಿಯ ಕೊಂಡಿ ಕಿಟಕಿ ಸರಳಿಗೆ ಟಿಣ್ ಟಿಣ್ ಅಂತ ಬಡಿಯುತ್ತಲೇ ಇತ್ತು. ಎಷ್ಟು ಹೊತ್ತೋ...

ಕೊನೆಗೆ ಅವನೇ ಬಾಯಿಬಿಟ್ಟ. "ಅಮ್ಮ, ಅವತ್ತು ನೀವು ಅಲ್ಲಾಡಿರಲಿಲ್ಲ. ನಡುಗಿದ್ದು ನನ್ನ ಕೈ. ಗೊತ್ತಿದ್ದೂ ನಿಮ್ಮ ಮೇಲೆ ಹಾಕಿದೆ."

ಟಕ್.

ರಾಯರು ಊರಿಂದ ಬಂದ ಮೇಲೆ ಮೊದಲು ತಪ್ಪು ಹೇಳಿಕೊಂಡ, ಆಮೇಲೆ ಆ ರಾತ್ರಿಯ ಫೋಟೋ ತೋರಿಸಿದ. "ಅವಳು ಇದ್ದಾಗ ಹೇಳಬಹುದಿತ್ತು" ಅಂದರು, ಅಷ್ಟೇ. ಇವನಿಗೆ ಆ ಮಾತು ಇವತ್ತಿಗೂ ಚುಚ್ಚುತ್ತೆ.

ಫೋಟೋ ಈಗ ಅವರ ಗೋಡೆ ಮೇಲಿದೆ. ನಾನೇ ಹೋಗಿ ನೋಡಿದ್ದೀನಿ, ಸುಳ್ಳಲ್ಲ. ಗೋಡೆ, ಕುರ್ಚಿ, ವಿನೋದಮ್ಮನ ಗಲ್ಲದ ಮೇಲಿನ ಮಚ್ಚೆ, ಎಲ್ಲಾ ಸ್ಪಷ್ಟ. ಬಲಗೈ ಒಂದು ಮಾತ್ರ ಮಬ್ಬು... ಮಡಿಲಿಂದ ಸ್ವಲ್ಪ ಮೇಲೆದ್ದಿದೆ, ಇರಲಿ ಬಿಡಪ್ಪ ಅನ್ನೋ ಹಾಗೆ.