ನೋವಿಲ್ಲದ ಹೆಗಲು

ಒಂದು ಊರು ಎಂದಿಟ್ಟುಕೊಳ್ಳಿ. ಅಲ್ಲೊಬ್ಬ ಎಣ್ಣೆಗಿರಣಿಯ ಸಾಹುಕಾರ. ಪಕ್ಕದ ಮನೆಯೇ ಒಡಹುಟ್ಟಿದ ಅಣ್ಣನದು. ನಡುಗೋಡೆಗಾಗಿ ಜಗಳವಾಗಿ ಇಬ್ಬರಿಗೂ ಮಾತು ನಿಂತಿತ್ತು. ಒಂದು ದಿನ ಅಣ್ಣ ತೀರಿಕೊಂಡ. ಆ ಮನೆತನದಲ್ಲಿ ಚಟ್ಟದ ಹಿಂದಿನ ಬಲಗಡೆ ತಮ್ಮನ ಜಾಗ. ಜನ ತಿರುಗಿ ನೋಡಿದರು. ಸಾಹುಕಾರನಿಗೆ ಹಟ. "ಹೆಗಲು ನೋವು ಕಣ್ರಯ್ಯಾ, ಕೈ ಎತ್ತಕ್ಕೇ ಆಗ್ತಿಲ್ಲ" ಎಂದುಬಿಟ್ಟ. ನೋವಿತ್ತೇ? ಎಲ್ಲಿಯ ನೋವು! ಓಣಿಯವನೊಬ್ಬ ಹೆಗಲು ಕೊಟ್ಟ, ಹೆಣ ಹೋಯಿತು.

ನೋಡಿ, ಸುಳ್ಳಿಗೆ ಸಾಕ್ಷಿ ಬೇಕಲ್ಲ? ಬಲಗೈಯನ್ನು ಟವೆಲಿನಲ್ಲಿ ಕೊರಳಿಗೆ ಕಟ್ಟಿಕೊಂಡವನು ತಿಥಿ ಮುಗಿದ ಮೇಲೂ ಬಿಚ್ಚಲಿಲ್ಲ. ಕೊನೆಗೊಂದು ಬೆಳಿಗ್ಗೆ ಬಿಚ್ಚಿದರೆ ಕೈ ಮೇಲೇಳಲೇ ಇಲ್ಲ. ಜೀವ ಹೋಗುವಂಥ ನೋವು. ಹೆಗಲ ಮೇಲೆ ಯಾವುದೋ ಭಾರ. ಕನ್ನಡಿಯಲ್ಲಿ ನೋಡಿದ. ಹೆಗಲ ಮೇಲೆ ಕೆಂಪು ಬಾಸುಂಡೆ, ಬಿದಿರು ಒತ್ತಿದ ಹಾಗೆ!

ಡಾಕ್ಟರು ಪರೀಕ್ಷಿಸಿದರು. "ಸಕ್ಕರೆ ಕಾಯಿಲೆ ಇದೆ, ಜೊತೆಗೆ ಕೈ ಆಡಿಸ್ದೆ ಕಟ್ಟಿಟ್ಟಿದೀರಿ. ಕೀಲು ಬಿಗಿದಿದೆ. ಅದ್ಸರಿ, ಈ ಗುರುತು? ಏನು ಹೊತ್ತಿದ್ರಿ?"

ಸಾಹುಕಾರ ಅಂಗಿ ಹಾಕಿಕೊಂಡು ಎದ್ದ. ನೆಟ್ಟಗೆ ಅತ್ತಿಗೆಯ ಮನೆಗೆ ಹೋದ. "ಅತ್ತಿಗೆ, ಅವತ್ತು ನಂಗೆ ನೋವಿರ್ಲಿಲ್ಲ. ಸುಳ್ಳು ಹೇಳ್ದೆ. ಅಣ್ಣನ್ನ ನಾನು ಹೊರ್ಲಿಲ್ಲ" ಎಂದು ಅತ್ತ.

ಆಕೆ ಅವನನ್ನೇ ದಿಟ್ಟಿಸಿದಳು. "ಯಾಕಪ್ಪಾ ಹಿಂಗಂತೀಯ? ಹಿಂದೆ ಬಲಗಡೆ ನೀನೇ ತಾನೇ ಹೊತ್ತಿದ್ದು? ಬಾಗ್ಲಲ್ಲಿ ನಿಂತು ನಾನೇ ಕಣ್ಣಾರೆ ನೋಡಿದೀನಿ."

ಡಾಕ್ಟರು ಹೇಳಿದಂತೆ ದಿನಾ ಕೈ ಆಡಿಸಿದ ಮೇಲೆ ಕೀಲು ಮೆಲ್ಲಗೆ ಸಡಿಲಾಯಿತು. ಬಾಸುಂಡೆ ಮಾತ್ರ ಹೋಗಲಿಲ್ಲ.

ಹೆಗಲು ನೋವಿಗೆ ಕಾರಣ ಹಲವು. ಒಂದೇ ಮಗ್ಗುಲಲ್ಲಿ ಮಲಗುತ್ತೀರಿ, ಒಂದೇ ಹೆಗಲಿಗೆ ಚೀಲ ನೇತುಹಾಕುತ್ತೀರಿ, ಬಿದ್ದ ಪೆಟ್ಟನ್ನು ಮುಚ್ಚಿಡುತ್ತೀರಿ, ನೋವೆಂದು ಕೈ ಆಡಿಸುವುದನ್ನೇ ಬಿಡುತ್ತೀರಿ. ಮಂತ್ರ ಹಾಕಿಸಿಕೊಂಡು ಕೂರಬೇಡಿ, ಡಾಕ್ಟರಿಗೆ ತೋರಿಸಿ. ಆದರೆ ಇಲ್ಲದ ನೋವು ಹೇಳಿ ಯಾರ ಬಾಗಿಲಿಗೆ ಹೋಗುವುದನ್ನು ತಪ್ಪಿಸಿಕೊಂಡಿದ್ದೀರಿ? ಹೊರಬೇಕಾದದ್ದನ್ನು ಬಿಟ್ಟು ಓಡಿದರೆ ಅದು ಹುಡುಕಿಕೊಂಡು ಬಂದು ಹೆಗಲೇರುತ್ತದೆ. ಆ ಅಣ್ಣ, ಆ ತಂಗಿ, ಆ ನೆರೆಯವರು ಬದುಕಿರುವಾಗಲೇ ಹೋಗಿ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಯಾರ ಹೆಸರನ್ನೂ ಹೇಳಲಿಲ್ಲ. ಮತ್ತೆ ನಿಮ್ಮ ಕೈ ಹೆಗಲ ಮೇಲೇಕೆ ಹೋಯಿತು? ಇಳಿಸಿ. ಮನೆಗೆ ಹೋಗುವ ದಾರಿಯಲ್ಲೇ ಆ ಬಾಗಿಲು ತಟ್ಟಿ.