ಡೇರೆ ಹಿಡಿಸುವ ಗಾಡಿ

ದೊಡ್ಡ ಗಾಡಿಯ ಬೆಲೆ ಸಣ್ಣದರ ಎರಡರಷ್ಟು, ಪೆಟ್ರೋಲನ್ನೂ ಅಷ್ಟೇ ಹೆಚ್ಚು ಕುಡಿಯುತ್ತದೆ. ಶೋರೂಮಿನ ಬೆಂಚಿನಲ್ಲಿ ನನ್ನ ಪಕ್ಕ ಕೂತಿದ್ದ ಒಬ್ಬ ಅಕ್ಕ ತನ್ನ ತಮ್ಮನಿಗೆ ಈ ಲೆಕ್ಕ ಹೇಳುತ್ತಿದ್ದಳು. ಅವನ ತೊಡೆಯ ಮೇಲೆ ಮಡಚಿದ ಡೇರೆಯ ಚೀಲವಿತ್ತು. ಡಿಕ್ಕಿಯಲ್ಲಿ ಹಿಡಿಸುತ್ತದೋ ನೋಡಲು ಮನೆಯಿಂದಲೇ ಹೊತ್ತು ತಂದಿದ್ದ.

“ದಿನಾ ಆಫೀಸಿಗೆ ಹೋಗೋನು ನೀನೊಬ್ಬ. ಈ ಆನೆ ಯಾಕೋ?”

“ಮಕ್ಕಳನ್ನ ಕೆರೆ ದಂಡೆಗೆ ಕರ್ಕೊಂಡು ಹೋಗ್ಬೇಕಲ್ಲಕ್ಕಾ. ಮಳೆ ಬಂದ್ರೆ ಸೀಟು ಮಡಚಿ ಒಳಗೇ ಮಲಗಬಹುದು.”

“ಮಲಗೋದಾ? ಕೋರ್ಟು ನಿಂಗೆ ಕೊಟ್ಟಿರೋದು ಭಾನುವಾರದ ಹಗಲು. ಕತ್ತಲಾಗೋದ್ರೊಳಗೆ ಅವರಮ್ಮನ ಮನೆಗೆ ಬಿಡ್ಬೇಕು.”

“ಮುಂದೆ ಬದಲಾಗ್ಬಹುದು.”

“ಲಾಯರು ಏನಂದ್ರು?”

“ಮಕ್ಕಳು ದೊಡ್ಡವರಾಗೋ ತನಕ ಆಗಲ್ಲ ಅಂದ್ರು.”

“ದೊಡ್ಡವರಾದ್ಮೇಲೆ ಅಪ್ಪನ ಜೊತೆ ಡೇರೇಲಿ ಯಾರೋ ಮಲಗ್ತಾರೆ, ಪೆದ್ದಪ್ಪಾ!” ಎಂದವಳು ಅವನ ಬೆನ್ನು ಸವರಿದಳು.

“ಚಿಕ್ಕೋಳು ಕೇಳಿದ್ಲಕ್ಕಾ, ಡೇರೆ ಇನ್ನೂ ಇದ್ಯಾ ಅಂತ.”

“ಏನಂದೆ?”

“ಇದೆ ಅಂದೆ.”

ಸೇಲ್ಸಿನವನು ಕರೆದಾಗ ಇಬ್ಬರೂ ಎದ್ದು ಸಣ್ಣ ಗಾಡಿಯ ಹತ್ತಿರ ಹೋದರು. ಡಿಕ್ಕಿಯಲ್ಲಿ ಚೀಲವನ್ನು ತಮ್ಮ ಉದ್ದಕ್ಕಿಟ್ಟು ನೋಡಿದ, ಓರೆಯಾಗಿಟ್ಟು ನೋಡಿದ, ಹಿಡಿಸಲಿಲ್ಲ. ಆದರೂ ಅದನ್ನೇ ಬುಕ್ ಮಾಡಿ, ಚೀಲವನ್ನು ಹೆಗಲಿಗೇರಿಸಿಕೊಂಡು ಅಕ್ಕನ ಹಿಂದೆ ಹೊರಟುಹೋದ. ಅರ್ಧ ದುಡ್ಡು ಉಳಿಯಿತು, ಡೇರೆಗೆ ಮಾತ್ರ ಗಾಡಿ ಸಿಗಲಿಲ್ಲ.