ಅವನು ಬೇಡ ಅಂದ ಲೋಟ

ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ ಅಂತ ಕತೆ ಶುರು ಮಾಡುವುದು ನಮಗೆ ಚರ್ಚಿನಲ್ಲಿ ಪ್ರಸಂಗ ಹೇಳುವವರಿಗೆ ಬಹಳ ಸುಲಭ. ಶ್ರೀಮಂತನನ್ನು ಬೈದರೆ ನಿಮಗೂ ಖುಷಿ, ಯಾಕೆಂದರೆ ಇಲ್ಲಿ ಕೂತ ಯಾರೂ ತಮ್ಮನ್ನು ಶ್ರೀಮಂತ ಅಂದುಕೊಂಡಿಲ್ಲ. ಇವತ್ತು ಆ ಅನುಕೂಲ ಇಲ್ಲ, ಪ್ರಿಯರೇ. ಇವತ್ತಿನ ಕತೆಯಲ್ಲಿ ಒಂದೂರಲ್ಲಿ ಒಬ್ಬ ಗಿಟಾರಿನವನಿದ್ದ.

ಅವನು ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟರ್. ಭಾನುವಾರ ಸಭೆಯಲ್ಲಿ ಕೀರ್ತನೆಗಳಿಗೆ ಗಿಟಾರ್ ಬಾರಿಸುತ್ತಿದ್ದ. ಮದುವೆಯಾದ ಎರಡನೇ ವರ್ಷ ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡಳು. ಮೂರು ದಿನ ಬಿಟ್ಟು ಕೂಸೂ ಹೋಯಿತು. ಅಕ್ಕ ಬಂದು ಅವನ ಮನೆಯಲ್ಲಿ ಉಳಿದಳು, ಅವನಿಗೆ ಅನ್ನ ಬೇಯಿಸಿ ಹಾಕಿದಳು. ಸಭೆಯವರು ಏನು ಮಾಡಿದರು? ಮಣ್ಣಿಗೆ ಬಂದರು, ಚಹಾ ಕುಡಿದರು, ದೇವರ ಚಿತ್ತ ಅಂದರು, ಮನೆಗೆ ಹೋದರು. ಅವನು ಕುಡಿಯುವುದಕ್ಕೆ ಶುರು ಮಾಡಿದ.

ರೈಲ್ವೆ ಕಾಲೋನಿಯಲ್ಲಿದ್ದ ಒಬ್ಬ ಮುದುಕ ಗಾರ್ಡ್ ಊರು ಬಿಡುವಾಗ ಅವನಿಗೆ ಒಂದಿಷ್ಟು ಹಳೇ ರೆಕಾರ್ಡುಗಳನ್ನು ಕೊಟ್ಟು ಹೋಗಿದ್ದ. ಅದರಲ್ಲಿ ಇದ್ದದ್ದು ಬ್ಲೂಸ್. ನಿಮಗೆ ಗೊತ್ತಿಲ್ಲದಿದ್ದರೆ ಹೇಳುತ್ತೇನೆ. ಅಮೆರಿಕದ ಹತ್ತಿ ಹೊಲಗಳಲ್ಲಿ ಗುಲಾಮರಾಗಿ ದುಡಿದವರ ಮಕ್ಕಳು, ಮೊಮ್ಮಕ್ಕಳು ಕಟ್ಟಿದ ಹಾಡು ಅದು. ನಮ್ಮವನು ಅದನ್ನು ಕೇಳಿ ಕೇಳಿ ಕಲಿತ. ಒಂದು ಖಾಲಿ ಬಾಟಲಿಯ ಕಂಠ ಕತ್ತರಿಸಿ, ಸಾಣೆಗೆ ಹಿಡಿದು ನುಣ್ಣಗೆ ಮಾಡಿ, ಕಿರುಬೆರಳಿಗೆ ಉಂಗುರದ ಹಾಗೆ ಹಾಕಿಕೊಂಡ. ಅದನ್ನು ತಂತಿಯ ಮೇಲೆ ಜಾರಿಸಿದರೆ ಗಿಟಾರು ಮನುಷ್ಯರ ಹಾಗೆ ಅಳುತ್ತಿತ್ತು.

ಅಷ್ಟು ಸಾಕಾಯಿತು ನೋಡಿ ಊರಿಗೆ. ಅವನಿಲ್ಲದೆ ಒಂದು ಮದುವೆ ಇಲ್ಲ, ಒಂದು ನಾಮಕರಣ ಇಲ್ಲ. ಅವನು ಬಂದು ಸ್ಟೂಲಿನ ಮೇಲೆ ಕೂತರೆ ಮೊದಲು ಅವನ ಮುಂದೆ ಲೋಟ ಬರುತ್ತಿತ್ತು, ಆಮೇಲೆ ಜನ. ಊರವರದೇ ಒಂದು ಮಾತಿತ್ತು: “ಒಳಗ ಇಳೀಲಾರದ ಅವನ ಕೈ ಏಳೂದಿಲ್ಲ.” ಗಿಟಾರು ಅತ್ತರೆ ಇವರಿಗೆ ಊಟ ರುಚಿ. ಯಾಕೆ ಅಳುತ್ತೀಯಪ್ಪ ಅಂತ ಒಬ್ಬನೇ ಒಬ್ಬ ಕೇಳಿದನೇ? ಒಬ್ಬನೂ ಕೇಳಲಿಲ್ಲ.

ಇನ್ನೊಂದು ಕೇಳಿ. ಇದೇ ಸಭೆಯ ಹಿರಿಯರು ಒಂದು ಭಾನುವಾರ ಕೂಡಿ, ಕುಡಿಯುವವನು ದೇವರ ಮನೆಯಲ್ಲಿ ಬಾರಿಸುವುದು ಬೇಡ ಅಂತ ಠರಾವು ಮಾಡಿ ಅವನನ್ನು ಗಾಯನ ಮಂಡಳಿಯಿಂದ ತೆಗೆದರು. ಆದೀತು, ತೆಗೆಯಲಿ. ಆದರೆ ಭಾನುವಾರ ಅವನನ್ನು ಹೊರಗಿಟ್ಟ ಕೈ ಯಾವುದು, ಸೋಮವಾರ ಮದುವೆ ಮನೆಯಲ್ಲಿ ಅವನಿಗೆ ಸುರಿದು ಕೊಟ್ಟ ಕೈ ಯಾವುದು? ಎರಡೂ ಒಂದೇ ಕೈ. ನನಗೆ ಸಿಟ್ಟು ಬರುವುದು ಇಲ್ಲಿ. ಅವನ ಕುಡಿತ ಇವರಿಗೆ ಗುಡಿಯೊಳಗೆ ಪಾಪವಾಗಿತ್ತು, ಚಪ್ಪರದೊಳಗೆ ಮನರಂಜನೆಯಾಗಿತ್ತು.

ಹೀಗೇ ಹದಿನಾರು ವರ್ಷ. ಒಂದು ದಿನ ವರ್ಕ್‌ಶಾಪಿನಲ್ಲಿ ರಕ್ತ ಕಾರಿ ಬಿದ್ದ. ಡಾಕ್ಟರು ಅವನ ಅಕ್ಕನನ್ನು ಕರೆದು, ಇನ್ನು ಒಂದು ಹನಿ ಒಳಗೆ ಹೋದರೂ ನನ್ನ ಕೈಯಲ್ಲಿಲ್ಲ ಅಂದರು. ಅವನು ಕೇಳಿಸಿಕೊಂಡ. ಈಸ್ಟರಿಗೆ ಮುಂಚಿನ ನಲವತ್ತು ದಿನದ ಉಪವಾಸ ಶುರುವಾಗುವ ಬೂದಿ ಬುಧವಾರ ಬೆಳಿಗ್ಗೆ, ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿಕೊಂಡು ಆ ಊರಿನ ಪಾದ್ರಿ ಅಯ್ಯನವರ ಬಾಗಿಲಿಗೆ ಬಂದ.

“ಅಯ್ಯನವರ, ಬಿಟ್ಟೀನ್ರಿ,” ಅಂದ. “ಈಸ್ಟರ್ ತನಕ ಅಲ್ಲರಿ, ಪೂರಾ ಬಿಟ್ಟೀನಿ. ನನ್ನ ಸಲುವಾಗಿ ಪ್ರಾರ್ಥನಾ ಮಾಡ್ರಿ. ಮತ್ತ ನಾಲ್ಕು ಮಂದ್ಯಾಗ ನನ್ನ ಕೈ ಬಿಡಬ್ಯಾಡ್ರಿ.”

ಅಯ್ಯನವರು ಪ್ರಾರ್ಥನೆ ಮಾಡಿದರು. ಪ್ರಾರ್ಥನೆಗೇನು, ಅದು ಅವರ ಕೆಲಸವೇ.

ಆ ನಲವತ್ತು ದಿನ ಅವನು ಹೇಗೆ ಕಳೆದ ಅನ್ನುವುದು ಅಕ್ಕನಿಗೆ ಗೊತ್ತು. ಕೈ ನಡುಗಿದಾಗೆಲ್ಲ ಅವಳು ಚಹಾ ಇಟ್ಟಳು, ತಾನೂ ಎದುರು ಕೂತು ಕುಡಿದಳು. ಬಾಟಲಿಯ ಕಂಠವನ್ನು ಅವನು ಬೆರಳಿಂದ ತೆಗೆದಿಟ್ಟ. ಅದರ ವಾಸನೆಯೂ ಬೇಡ ಅಂದ. ವರ್ಕ್‌ಶಾಪಿನಲ್ಲಿ ಬಿದ್ದಿದ್ದ ಒಂದು ಹಿತ್ತಾಳೆ ಕೊಳವೆಯ ತುಂಡನ್ನು ಲೇತಿಗೆ ಕೊಟ್ಟು ಬೆರಳಿನ ಅಳತೆಗೆ ಕಡೆದುಕೊಂಡ. ಮನೆಯಲ್ಲಿ ಕೂತು ಅದರಿಂದ ಬಾರಿಸಿ ನೋಡಿದ. ಹೊಸ ದನಿ ಬಂತು. ಅಕ್ಕನಿಗೆ ಹಿಡಿಸಿತು.

ನಮ್ಮಲ್ಲಿ ಆ ನಲವತ್ತು ದಿನ ಮದುವೆ ಇಟ್ಟುಕೊಳ್ಳುವುದಿಲ್ಲ, ನಿಮಗೆ ಗೊತ್ತು. ಕಾಯ್ದುಕೊಂಡು ಕೂತವರೆಲ್ಲ ಈಸ್ಟರ್ ಮುಗಿದ ಕೂಡಲೇ ಚಪ್ಪರ ಹಾಕುತ್ತಾರೆ. ಹಾಗೆ ಮೊದಲ ಮದುವೆ ಬಂದದ್ದು ಸಭೆಯ ದೊಡ್ಡ ಹಿರಿಯರೊಬ್ಬರ ಮಗಳದು. ಗಿಟಾರಿನವನು ಹೋದ. ಸ್ಟೂಲಿನ ಮೇಲೆ ಕೂತು, ಹಿತ್ತಾಳೆ ತುಂಡು ಬೆರಳಿಗೆ ಹಾಕಿ, ಬಾರಿಸಿದ. ದನಿ ತಿಳಿಯಾಗಿತ್ತು. ಅದರಲ್ಲಿ ನೋವಿತ್ತು, ಆದರೆ ನೋವು ಮಾತ್ರ ಇರಲಿಲ್ಲ.

ಮಂದಿಗೆ ಸೇರಲಿಲ್ಲ. “ಇದೇನೋ ಮಾರಾಯ, ಪ್ರಾರ್ಥನಾ ಕೂಟದಾಗ ಕುಂತಂಗಾತು,” ಅಂದ ಒಬ್ಬ. “ಎಣ್ಣಿ ಇಲ್ದ ದೀಪ ಹೆಂಗ ಉರೀತೈತಿ?” ಅಂದ ಇನ್ನೊಬ್ಬ. ಎಲ್ಲರೂ ನಕ್ಕರು.

ವಧುವಿನ ತಂದೆ ತಾವೇ ಲೋಟ ಹಿಡಿದು ಬಂದರು. “ಬ್ಯಾಡ್ರಿ,” ಅಂದ. “ಒಂದ ಗುಟುಕ ತಗೋ.” “ಬ್ಯಾಡ್ರಿ, ಹಿರೇರ, ಬಿಟ್ಟೀನ್ರಿ.” “ನನ್ನ ಮಗಳ ಮದುವಿ ಐತಿ. ಬೀಗರ ಮುಂದ ನನ್ನ ಮರ್ಯಾದಿ ಕಳೀತಿಯೇನು? ನಾಳಿಂದ ಬಿಡುವಂತಿ.” “ಕೈ ಮುಗೀತೀನ್ರಿ, ಬ್ಯಾಡ್ರಿ.”

ಮೂರು ಸಲ ಬೇಡ ಅಂದ. ಆಮೇಲೆ ಸುತ್ತಲೂ ಇದ್ದ ಮುಖಗಳನ್ನು ನೋಡಿದ. ಇಷ್ಟು ಮಂದಿಯಲ್ಲಿ ಒಬ್ಬರಾದರೂ ‘ಅವನನ್ನ ಬಿಡ್ರಿ’ ಅಂದಾರು ಅಂತ ನೋಡಿದ. ಎರಡನೇ ಸಾಲಿನಲ್ಲಿ ಅಯ್ಯನವರು ಕೂತಿದ್ದರು, ಬೂದಿ ಬುಧವಾರ ಪ್ರಾರ್ಥನೆ ಮಾಡಿದ ಅದೇ ಅಯ್ಯನವರು. ಅವನ ಕಣ್ಣು ಅಲ್ಲಿ ನಿಂತಿತು. ಅಯ್ಯನವರು ತಟ್ಟೆ ನೋಡಿದರು. ಮಾಂಸದ ತುಂಡಿನಲ್ಲಿ ಎಲುಬು ಹುಡುಕಿದರು.

ಅವನು ಲೋಟ ತೆಗೆದುಕೊಂಡ. ಯಾರೋ ಒಂದು ಬಾಟಲಿಯ ಕಂಠ ಒಡೆದು ತಂದರು, ಬೆರಳು ಕೊಯ್ದರೂ ಹಾಕಿಕೊಂಡ. ಅವತ್ತು ಅವನು ಬಾರಿಸಿದ್ದನ್ನು ಕೇಳಿ ಚಪ್ಪರಕ್ಕೆ ಚಪ್ಪರವೇ ಅತ್ತಿತು. ಒಬ್ಬರು ಅದನ್ನು ಫೋನಿನಲ್ಲಿ ಹಿಡಿದರು. ಮುಂದಿನ ಬೂದಿ ಬುಧವಾರಕ್ಕೆ ಅವನು ಇರಲಿಲ್ಲ.

ಪ್ರಿಯರೇ, ಈ ಕತೆ ಯಾವ ಊರಿನದು ಅಂತ ನಿಮಗೆ ಆಗಲೇ ತಿಳಿದಿದೆ. ಹಿಂದಿನ ಬೆಂಚುಗಳಲ್ಲಿ ತಲೆಗಳು ಬಗ್ಗಿದ್ದು ಇಲ್ಲಿಂದ ಕಾಣುತ್ತದೆ. ಅವನ ಹೆಸರು ಫಿಲೆಮೋನ. ಆ ಚಪ್ಪರ ಹಾಕಿದ್ದು ಇದೇ ಗುಡಿಯ ಅಂಗಳದಲ್ಲಿ. ತಟ್ಟೆ ನೋಡಿದ ಅಯ್ಯನವರು ನಾನು. ಒಂಬತ್ತು ವರ್ಷ ನಾನು ಇದನ್ನು ಹೇಳಲಿಲ್ಲ. ನಾಚಿಕೆಯಾಗಬೇಕು ನನಗೆ, ಆಗಿದೆ.

ಈಗ ಆ ಫೋನಿನ ಹಾಡನ್ನು ಸಾವಿರಾರು ಜನ ಕೇಳುತ್ತಾರಂತೆ. ಪರ ಊರಿನ ಹುಡುಗರು ಬಂದು ಅವನ ಮನೆ ಯಾವುದು ಅಂತ ವಿಚಾರಿಸುತ್ತಾರೆ. ನಮ್ಮ ಕಮಿಟಿಗೂ ಇದ್ದಕ್ಕಿದ್ದ ಹಾಗೆ ಅಭಿಮಾನ ಉಕ್ಕಿದೆ. ನಮ್ಮ ಸಭೆಯ ಹೆಮ್ಮೆಯ ಕಲಾವಿದ ಅಂತೆ. ಅವನ ಹೆಸರಿನಲ್ಲಿ ಸಂಗೀತ ಸಂಜೆ ಅಂತೆ, ಅವನ ಬಾಟಲಿಯ ಕಂಠವನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತಾರಂತೆ. ಬದುಕಿದ್ದಾಗ ಕುಡಿಸಿದಿರಿ, ಸತ್ತ ಮೇಲೆ ಕುಡಿಸಿದ ಬಾಟಲಿಗೆ ಹಾರ ಹಾಕುತ್ತೀರಾ? ಅದನ್ನು ಕೇಳುವುದಕ್ಕೆ ಅವನ ಅಕ್ಕನ ಮನೆಗೂ ಹೋಗಿ ಬಂದಿದ್ದೀರಿ.

ಗುರುವಾರ ಆ ಅಕ್ಕ, ನಮ್ಮ ದೆಬೋರಕ್ಕ, ನನ್ನ ಮನೆಗೆ ಬಂದರು. ಚೀಲದಿಂದ ಇದನ್ನು ತೆಗೆದು ಮೇಜಿನ ಮೇಲೆ ಇಟ್ಟರು. ನೋಡಿ, ನನ್ನ ಕೈಯಲ್ಲಿದೆ. “ಬಾಟ್ಲಿದು ನಾ ಆವಾಗನ ಒಡದ ಹಾಕೀನ್ರಿ, ಅಯ್ಯನವರ. ಕುಡಿಯೂದು ಬಿಟ್ಟ ಮ್ಯಾಲೆ ನನ್ನ ತಮ್ಮ ಕೈಯಾರೆ ಮಾಡಿಕೊಂಡಿದ್ದು ಇದ. ಇಟ್ಟರ ಇದನ್ನ ಇಡ್ರಿ, ಇಲ್ಲಂದ್ರ ಏನೂ ಇಡಬ್ಯಾಡ್ರಿ,” ಅಂದರು. ಹಿತ್ತಾಳೆಯ ತುಂಡು, ಪ್ರಿಯರೇ. ಇದರಿಂದ ಅವನು ನಮ್ಮ ಮುಂದೆ ಬಾರಿಸಿದ್ದು ಒಂದೇ ಸಲ, ಒಂದೇ ಹಾಡು.

ಈ ತಿಂಗಳು ನಮ್ಮಲ್ಲಿ ಆರು ಮದುವೆ ಇವೆ. ನಾನು ಹೇಳುವುದು ಕಷ್ಟದ್ದಲ್ಲ. ಒಬ್ಬ ಬೇಡ ಅಂದರೆ ಲೋಟ ವಾಪಸು ತನ್ನಿ. ಎರಡನೇ ಸಲ ಕೇಳಬೇಡಿ. ಮಗಳ ಮದುವೆ, ಬೀಗರು, ಮರ್ಯಾದೆ ಅಂತ ಅವನ ಕೊರಳಿಗೆ ಗಂಟು ಹಾಕಬೇಡಿ. ಪಕ್ಕದಲ್ಲಿ ಇನ್ನೊಬ್ಬರು ಒತ್ತಾಯ ಮಾಡುತ್ತಿದ್ದರೆ ಎದ್ದು ನಿಂತು ‘ಅವನನ್ನ ಬಿಡ್ರಿ’ ಅನ್ನಿ. ನಿಮ್ಮ ಮನೆಯಲ್ಲಿ ಚೆನ್ನಾಗಿ ಹಾಡುವವರಿದ್ದರೆ, ಇನ್ನೊಂದು ಹಾಡು ಅನ್ನುವ ಮೊದಲು ಊಟ ಆಯಿತಾ, ರಾತ್ರಿ ನಿದ್ದೆ ಬರುತ್ತಾ ಅಂತ ಕೇಳಿ. ಇವತ್ತು ಈ ಬೆಂಚುಗಳ ಮೇಲೂ ಬಿಟ್ಟು ಹನ್ನೊಂದು ದಿನವಾದವನು ಒಬ್ಬ ಕೂತಿರಬಹುದು. ಅವನು ನಿಮ್ಮ ಮುಖ ನೋಡುತ್ತಾನೆ, ತಟ್ಟೆ ನೋಡಬೇಡಿ.

ಈಗ ಕಾಣಿಕೆಯ ತಟ್ಟೆ ಬರುತ್ತದೆ. ಇವತ್ತು ಅದರಲ್ಲಿ ನೀವು ಏನೂ ಹಾಕುವುದು ಬೇಡ. ಈ ಹಿತ್ತಾಳೆ ತುಂಡನ್ನು ಅದರಲ್ಲಿಟ್ಟು ಕಳಿಸುತ್ತೇನೆ. ಒಬ್ಬೊಬ್ಬರೂ ಕೈಗೆ ತೆಗೆದುಕೊಂಡು, ಅದರೊಳಗೆ ಬೆರಳಿಟ್ಟು, ಪಕ್ಕದವರಿಗೆ ಕೊಡಿ. ಮೊದಲು ದೆಬೋರಕ್ಕನಿಗೆ ಕೊಡಿ, ಅವರು ಅಲ್ಲಿ ಕಿಟಕಿಯ ಹತ್ತಿರ ಕೂತಿದ್ದಾರೆ. ಎಲ್ಲರ ಕೈ ದಾಟಿ ಕೊನೆಗೆ ನನ್ನ ಹತ್ತಿರ ಬರಲಿ. ನಾನು ಅದನ್ನು ಇನ್ನೂ ಬೆರಳಿಗೆ ಹಾಕಿ ನೋಡಿಲ್ಲ.